ಮೊಲಕ್ಕೆ ಎಷ್ಟು ಹಿಡಿ

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಊಟ ಆಯಿತೇ ಎಂದು ಕೇಳುವುದಿಲ್ಲ. "ಮೊಲಕ್ಕ ಹಾಕಿದ್ರ್ಯಾ?" ಎನ್ನುತ್ತಾರೆ. ಮನೆಗೊಂದು ಮೊಲ. ಬೆಳಿಗ್ಗೆ ಅದು ಎಷ್ಟು ಹಸಿಸೊಪ್ಪು ತಿನ್ನುತ್ತದೋ ಆ ಮನೆಯವರಿಗೆ ಅವತ್ತಿಡೀ ಅಷ್ಟೇ ಹಸಿವು. ತಲೆಗೊಂದು ಹಿಡಿಯಂತೆ ಹಾಕಿದರೆ ಎಲ್ಲರೂ ಹದವಾಗಿ ಉಣ್ಣುತ್ತಾರೆ. ಅರ್ಧ ಹಾಕಿದರೆ ಅರ್ಧ ಊಟಕ್ಕೇ ಕೈ ತೊಳೆಯುತ್ತಾರೆ. ಹಾಕದೆ ಬಿಟ್ಟರೆ ಎದುರಿಗೆ ಹೋಳಿಗೆ ಇಟ್ಟರೂ ತಿರುಗಿ ನೋಡುವುದಿಲ್ಲ. ಒಣಹುಲ್ಲು ಇದಕ್ಕೆ ಸೇರುವುದಿಲ್ಲ. ಅದನ್ನು ಮೊಲ ಎಷ್ಟು ಬೇಕಾದರೂ ಮೆಲ್ಲಲಿ, ಅದು ಅದರ ಹೊಟ್ಟೆಗೆ. ಹಸಿಸೊಪ್ಪು ಮಾತ್ರ ನಮ್ಮ ಹೊಟ್ಟೆಗೆ. ಬೇರೆಯವರ ಮನೆಯಲ್ಲಿ ಸತತ ಮೂರು ರಾತ್ರಿ ಮಲಗಿದರೆ ಆ ಮನೆಯ ಮೊಲದ ಹಸಿವು ಹತ್ತುತ್ತದೆ, ನಮ್ಮ ಮನೆಯದು ಬಿಟ್ಟುಹೋಗುತ್ತದೆ. ಮದುವೆಗೆ ಬಂದ ಬೀಗರು ಮೂರು ದಿನ ದಾಟಿದರೆ ಅಡಿಗೆಯವನ ಮುಖ ಸಣ್ಣದಾಗುವುದು ಇದಕ್ಕೇ.

ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಜಡೆ ಬಿಚ್ಚಿ ನೋಡುವುದಿಲ್ಲ. ಹುಡುಗಿಯ ಮುಂದೆ ಒಂದು ಬುಟ್ಟಿ ಮೂಲಂಗಿ ಸೊಪ್ಪು ಇಟ್ಟು "ಒಂದ್ ಹಿಡಿ ತಗೀವಾ ತಂಗಿ" ಎನ್ನುತ್ತಾರೆ. ಆಕೆ ತೆಗೆದ ಹಿಡಿಯನ್ನು ಅತ್ತೆಯಾಗುವವಳ ಹಿಡಿಯ ಪಕ್ಕದಲ್ಲಿಟ್ಟು ಹತ್ತು ಹೆಂಗಸರು ಬಗ್ಗಿ ನೋಡುತ್ತಾರೆ. ತೀರ ಸಣ್ಣ ಹಿಡಿಯಾದರೆ ಮಗ ಒಣಗಿ ಹೋದಾನು ಎಂಬ ಚಿಂತೆ, ತೀರ ದೊಡ್ಡದಾದರೆ ಕಣಜ ಬರಿದಾದೀತು ಎಂಬ ಚಿಂತೆ.

ನನ್ನ ಹಿಡಿ ದೊಡ್ಡದು. ಅದನ್ನು ನಾನು ಯಾವತ್ತೂ ಮುಚ್ಚಿಟ್ಟವಳಲ್ಲ. ಗಂಡನ ಮನೆಯವರು ನಾನಿದ್ದ ಹನ್ನೊಂದು ವರ್ಷ ಬೆರಳು ನೆಕ್ಕಿಕೊಂಡು ಉಂಡರು. ಗಂಡ ತೀರಿಕೊಂಡ ತಿಂಗಳಿಗೇ "ಗುರುಸಿದ್ದವ್ವನ ಹಿಡಿಗೆ ನಮ್ಮ ಮನಿ ತಡಿಯೂದಿಲ್ಲ" ಎಂದು ತವರಿಗೆ ಕಳಿಸಿದರು. ಮಕ್ಕಳಿರಲಿಲ್ಲ, ತಡೆಯುವವರೂ ಇರಲಿಲ್ಲ. ಬಂದು ಅವ್ವನ ಹತ್ತಿರ ಇದ್ದೆ. ಆಗ ಮೊಲಕ್ಕೆ ಹಾಕುತ್ತಿದ್ದವಳು ಅವ್ವ. ಎರಡು ವರ್ಷದ ಹಿಂದೆ ಅವಳ ಬೆರಳು ನಡುಗತೊಡಗಿ ಹಿಡಿ ನಿಲ್ಲದಾಯಿತು. ಇನ್ನು ಆ ಕೆಲಸ ನನಗೇ ಎಂದುಕೊಂಡು ಕೈ ತೊಳೆದು ನಿಂತಿದ್ದೆ. ಅವ್ವ ಅದನ್ನು ಸಾವಂತ್ರಿಗೆ ಕೊಟ್ಟಳು. ಸಾವಂತ್ರಿ ನನ್ನ ತಮ್ಮ ಪರಪ್ಪನ ಹೆಂಡತಿ, ಆಗ ಮದುವೆಯಾಗಿ ನಾಲ್ಕು ತಿಂಗಳು. ಹೊಟ್ಟೆ ಉರಿಯಿತು. ಸುಳ್ಳು ಏಕೆ ಹೇಳಲಿ.

ಇನ್ನು ಆ ಮೊಲದ ಬಗ್ಗೆ ಒಂದು ಮಾತು. ಬಿಳಿಯದು, ಒಂದು ಕಿವಿಯ ತುದಿ ಬೂದು, ಎರಡು ಅಂಗೈ ಸೇರಿಸಿದರೆ ಒಳಗೆ ಕೂರುವಷ್ಟು ಸಣ್ಣದು. ಹೆಸರಿಲ್ಲ. ಹೆಸರಿಟ್ಟರೆ ಸಲಿಗೆ ಬೆಳೆದು ಹಿಡಿ ಜಾಸ್ತಿಯಾಗುತ್ತದೆ ಎಂದು ನಮ್ಮಲ್ಲಿ ಯಾರೂ ಇಡುವುದಿಲ್ಲ. ಪಡಸಾಲೆಯ ಮೂಲೆಯಲ್ಲಿ ಅದರ ಗೂಡು. ಮನೆಯಲ್ಲಿ ನಾವು ನಾಲ್ಕು ಜನ, ಅದಕ್ಕೆ ನಾಲ್ಕು ಹಿಡಿ.

ಅದೊಂದು ಸೋಮವಾರ. ಎಣ್ಣೆಗಾಯಿ ಮಾಡಿದ್ದೆ, ರೊಟ್ಟಿ ಬಿಸಿಯಾಗಿತ್ತು. ಒಂದು ತುತ್ತು ಉಂಡೆ, ಇನ್ನೊಂದು ಬೇಕೆನಿಸಲಿಲ್ಲ. ಎದ್ದು ನೋಡಿದರೆ ಪರಪ್ಪನೂ ಒಂದೂವರೆ ರೊಟ್ಟಿಗೆ ಕೈ ತೊಳೆಯುತ್ತಿದ್ದ. ಅವನು ಊರಿನ ನೀರಿನ ಟಾಕಿಯಲ್ಲಿ ವಾಲ್ವ್ ತಿರುಗಿಸುವವನು. ಬೆಳಗಿನಿಂದ ಓಣಿ ಓಣಿಗೆ ನೀರು ಬಿಟ್ಟು ಮಧ್ಯಾಹ್ನ ಮನೆಗೆ ಬಂದರೆ ನಾಲ್ಕು ರೊಟ್ಟಿಗೆ ಕಡಿಮೆ ಉಂಡ ದಿನವಿಲ್ಲ. ಅವ್ವನ ತಾಟಿನಲ್ಲಂತೂ ಹಾಕಿದ್ದು ಹಾಗೇ ಇತ್ತು.

"ಯಾಕವಾ, ಉಣವೊಲ್ಲಿ?" ಎಂದೆ.

"ಹಸಿವಿಲ್ಲ ಬಿಡ" ಎಂದು ಗೋಡೆಗೆ ಒರಗಿದಳು.

ಮಂಗಳವಾರವೂ ಅದೇ. ಬುಧವಾರ ಅವ್ವ ತಾಟನ್ನೇ ಮುಟ್ಟಲಿಲ್ಲ. ಎಪ್ಪತ್ತೆಂಟರ ಮುದುಕಿ, ಮೊದಲೇ ಸಣ್ಣ ಮೈ, ಒಂದು ವಾರದಲ್ಲಿ ಕುಪ್ಪಸದ ತೋಳು ಜೋಲಾಡತೊಡಗಿತು. ಬೇರೆ ಊರುಗಳಲ್ಲಿ ಹಿರಿಯರು ಉಣ್ಣದಿದ್ದರೆ ಹಣೆ ಮುಟ್ಟಿ ನೋಡುತ್ತಾರಂತೆ, ನಾಲಿಗೆ ಚಾಚು ಎನ್ನುತ್ತಾರಂತೆ. ನಮ್ಮ ಊರಿನಲ್ಲಿ ನೆಟ್ಟಗೆ ಮೊಲದ ಗೂಡಿಗೆ ಹೋಗುತ್ತೇವೆ. ನಾನೂ ಹೋದೆ. ಒಣಹುಲ್ಲು ಬೇಕಾದಷ್ಟಿತ್ತು. ಮೊಲ ಚೆನ್ನಾಗಿಯೇ ಇತ್ತು, ಆದರೆ ನನ್ನ ಕೈ ಕಂಡದ್ದೇ ಓಡಿಬಂದು ಬೆರಳು ಮೂಸಿತು. ನಾಲ್ಕು ಹಿಡಿ ಸೊಪ್ಪು ತಿಂದ ಮೊಲ ಹಾಗೆ ಬೆರಳು ಮೂಸುವುದಿಲ್ಲ.

"ಸಾವಂತ್ರಿ, ಮೊಲಕ್ಕ ಎಷ್ಟ್ ಹಾಕಿದಿ?"

"ನಾಕ್ ಹಿಡಿ ಹಾಕೇನ್ರಿ ಅಕ್ಕಾರ" ಎಂದಳು. ಕಣ್ಣು ಮಾತ್ರ ನೆಲದ ಮೇಲೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲೇ ಅಕ್ಕಿ ಆರಿಸುವ ನೆಪ ಮಾಡಿ ಕುಳಿತೆ. ಅವಳು ನನ್ನ ಎದುರಿಗೇ ಒಂದು, ಎರಡು, ಮೂರು, ನಾಲ್ಕು ಹಿಡಿ ತೆಗೆದು ಗೂಡಿಗೆ ಹಾಕಿದಳು. ಹದವಾದ ಹಿಡಿ, ಬೆರಳ ಸಂದಿಯಿಂದ ಸೊಪ್ಪಿನ ತುದಿ ಇಣುಕುವಂಥದು. ಅಕ್ಕಿಯ ಮೊರ ಎತ್ತಿಕೊಂಡು ಎದ್ದೆ. ಅವತ್ತೂ ನನಗೆ ಹಸಿವಾಗಲಿಲ್ಲ. ನನ್ನ ಕಣ್ಣನ್ನೇ ನಾನು ನಂಬಬೇಕೋ ಹೊಟ್ಟೆಯನ್ನು ನಂಬಬೇಕೋ ತಿಳಿಯದಾಯಿತು.

ಗುಟ್ಟು ಬಿಟ್ಟವಳು ಹಿತ್ತಲ ಗೋಡೆಯಾಚೆಯ ನಿಂಬೆವ್ವ. ಅವಳ ಬಾಯಿಗೆ ಬೀಗ ಹಾಕುವ ಕಮ್ಮಾರ ಇನ್ನೂ ಹುಟ್ಟಿಲ್ಲ. ಬಟ್ಟೆ ಒಣಹಾಕುತ್ತಿದ್ದ ನನ್ನನ್ನು ಕರೆದು, "ನಿಮ್ಮ ಸಾವಂತ್ರಿ ಭಾಳ ಪುಣ್ಯವಂತಿ ಬಿಡವಾ, ದಿನಾ ನಮ್ಮ ಆಡಿಗೆ ಸೊಪ್ಪ ಕೊಡತಾಳ. ಎಂಥಾ ಎಳೀ ಸೊಪ್ಪ ಅಂತಿ" ಎಂದಳು. ಹೇಳುವಾಗ ಅವಳ ಒಂದು ಹುಬ್ಬು ಮೇಲೆ ಹೋಗಿತ್ತು. "ಎಷ್ಟ್ ಕೊಡತಾಳ?" ಎಂದೆ. "ಮೂರ್ ಹಿಡಿ ಆಗಬಹುದವಾ" ಎಂದಳು, ನಿಧಾನವಾಗಿ, ನನ್ನ ಮುಖವನ್ನೇ ನೋಡುತ್ತಾ.

ನನ್ನ ಎದುರಿಗೆ ನಾಲ್ಕು ಹಿಡಿ ಹಾಕುವುದು, ನಾನು ಬೆನ್ನು ತಿರುಗಿಸಿದ್ದೇ ಮೂರು ಹಿಡಿ ಸೆರಗಿಗೆ ತುಂಬಿಕೊಂಡು ಹಿತ್ತಲಿಗೆ ಹೋಗುವುದು. ಏಕೆ? ಪರಪ್ಪನನ್ನು ಒಣಗಿಸಿ ಅವಳಿಗೇನು ಬರಬೇಕು? ನನ್ನನ್ನು ಓಡಿಸಬೇಕೆಂದರೆ ಒಂದು ಮಾತು ಸಾಕು, ಇಷ್ಟು ಹಗರಣ ಬೇಡ. ತಿರುಗಿಸಿ ಮುರುಗಿಸಿ ನೋಡಿದರೂ ನನ್ನ ಬುದ್ಧಿ ಬಂದು ನಿಲ್ಲುತ್ತಿದ್ದದ್ದು ಅವ್ವನ ಕೋಣೆಯ ಬಾಗಿಲಲ್ಲಿ. ಮುದುಕಿಯನ್ನು ಹಸಿವಿಲ್ಲದೆ ಕೊಲ್ಲುತ್ತಿದ್ದಾಳೆ. ವಿಷವಲ್ಲ, ಹೊಡೆತವಲ್ಲ, ಯಾರೂ ಬೆರಳು ತೋರಿಸುವಂತಿಲ್ಲ. ಉಣ್ಣು ಎಂದರೆ ತಾನೇ ಒಲ್ಲೆ ಎನ್ನುತ್ತಾಳೆ. ಹದಿನೈದು ದಿನ ಹೀಗೇ ನಡೆದರೆ ಮುಗಿಯಿತು.

ಅವತ್ತಿನಿಂದ ಮೈಯೆಲ್ಲ ಕಣ್ಣಾದೆ. ಒಂದು ಮಧ್ಯಾಹ್ನ ಅಡಿಗೆಮನೆಯ ಕದ ಅರೆಮುಚ್ಚಿತ್ತು. ಸಂದಿಯಿಂದ ನೋಡಿದರೆ ಸಾವಂತ್ರಿ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಒಂದಲ್ಲ, ಮೂರು ರೊಟ್ಟಿ, ಮೇಲೆ ಒಂದು ಬಟ್ಟಲು ಹಾಲು. ದೊಡ್ಡ ದೊಡ್ಡ ತುತ್ತು, ಬೇಗ ಬೇಗ. ನಮಗೆಲ್ಲ ಒಂದು ತುತ್ತು ಇಳಿಯದಿರುವಾಗ ಈ ಮಹಾತಾಯಿಗೆ ಮೂರು ರೊಟ್ಟಿಯ ಹಸಿವು ಎಲ್ಲಿಂದ ಬಂತು? ಅವಳಿಗೆ ಆರು ತಿಂಗಳು ತುಂಬಿತ್ತು, ಸರಿ. ಆದರೆ ಬಸುರಿಯಾದರೂ ಬಾಣಂತಿಯಾದರೂ ಮನೆಯ ಮೊಲ ತಿಂದಷ್ಟೇ ಹಸಿವು. ಅದರಲ್ಲಿ ಯಾರಿಗೂ ರಿಯಾಯಿತಿಯಿಲ್ಲ.

ನಿಂಬೆವ್ವನಿಗೆ ಹೇಳಿದೆ. ಹೇಳಬಾರದಿತ್ತು, ಹೇಳಿದೆ. ಅವಳು ಗಲ್ಲದ ಮೇಲೆ ಕೈಯಿಟ್ಟು, "ಎರಡನೇ ಮೊಲ ಇಟ್ಟಾಳವಾ ಗುರುಸಿದ್ದವ್ವಾ, ತನಗೊಬ್ಬಾಕಿಗೇ" ಎಂದಳು.

ನಮ್ಮ ಊರಿನಲ್ಲಿ ಒಂದು ಮನೆಯಲ್ಲಿ ಕದ್ದು ಎರಡನೇ ಮೊಲ ಸಾಕುವುದೆಂದರೆ ಬೇರೆ ಒಲೆ ಹೂಡಿದ ಹಾಗೆ. ಅಣ್ಣತಮ್ಮಂದಿರು ಪಾಲಾಗಿ ಹೋದದ್ದಿದೆ ಅದೊಂದು ಗುಮಾನಿಯ ಮೇಲೆ. ಸಾವಂತ್ರಿ ಕುಡಿಯುವ ನೀರು ತರಲು ಬಾವಿಗೆ ಹೋದಾಗ ನಾನು ಅವಳ ಕೋಣೆಗೆ ನುಗ್ಗಿದೆ. ಮಂಚದ ಕೆಳಗೆ ಬಗ್ಗಿದೆ, ಅಟ್ಟ ಹತ್ತಿದೆ, ಕೌದಿ ಕೊಡವಿದೆ. ಟ್ರಂಕು ತೆಗೆದೆ. ಮೇಲೆಯೇ ಕೂಸಿನ ತಲೆಗೆ ಕಟ್ಟುವ ಎರಡು ಪುಟ್ಟ ಕುಂಚಿಗೆ, ಕೆಂಪು ದಾರದಲ್ಲಿ ಅಂಚು ಹೊಲಿದದ್ದು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಮುಚ್ಚಿ ಹೊರಗೆ ಬರುತ್ತಿದ್ದರು. ನಾನು ಕುಂಚಿಗೆ ಎತ್ತಿ ಅದರ ಕೆಳಗೂ ನೋಡಿದೆ. ಮೊಲವೂ ಇರಲಿಲ್ಲ, ಮೊಲದ ಹಿಕ್ಕೆಯೂ ಇರಲಿಲ್ಲ. ಇಲ್ಲದ್ದು ನನ್ನ ಅನುಮಾನವನ್ನು ಕಡಿಮೆ ಮಾಡಲಿಲ್ಲ. ಎಲ್ಲಿಟ್ಟಿದ್ದಾಳೋ ಜಾಣೆ ಎಂದುಕೊಂಡೆ.

ಮರುದಿನ ಅವಳು ನಾಲ್ಕು ಹಿಡಿ ಹಾಕಿದ ಮೇಲೆ ನಾನು ಹೊರಗೆ ಹೋದಂತೆ ಮಾಡಿ ಬಾಗಿಲ ಮರೆಯಲ್ಲಿ ನಿಂತೆ. ಗೂಡಿನ ಹಿಂದಿನ ತಡಿಕೆ ಸರಿಸಿ ಸೊಪ್ಪು ಎಳೆದುಕೊಳ್ಳುತ್ತಿದ್ದ ಅವಳ ಮುಂಗೈಯನ್ನು ಹಿಡಿದೆ.

"ಯಾರಿಗೆ ಇದು? ಆಡಿಗೋ, ನಿನ್ನ ಇನ್ನೊಂದು ಮೊಲಕ್ಕೋ?"

ಅವಳು ಬೆಚ್ಚಿದಳು. ಸೆರಗಿನ ಸೊಪ್ಪು ನೆಲಕ್ಕೆ ಬಿತ್ತು. "ಇನ್ನೊಂದ್ ಮೊಲ ಎಲ್ಲೀದ್ರಿ ಅಕ್ಕಾರ."

"ಹಂಗಾರ ಮೂರ್ ರೊಟ್ಟಿ ಹೆಂಗ ಇಳಿತಾವ ನಿನಗ? ನಾ ಕಣ್ಣಾರೆ ನೋಡೇನಿ."

ಅವಳು ಬಗ್ಗಿ ಬಿದ್ದ ಸೊಪ್ಪು ಆರಿಸತೊಡಗಿದಳು. ನನ್ನ ಕೋಪ ನೆತ್ತಿಗೇರಿತು. ಆಡಬಾರದ ಮಾತೆಲ್ಲ ಆಡಿದೆ. ನಮ್ಮವ್ವನ ಜೀವದ ಮೇಲೆ ನಿನಗೇನು ಹಗೆ ಎಂದೆ. ನಾಳೆಯಿಂದ ಮೊಲ ನನ್ನದು, ಅತ್ತ ಹಾಯ್ದರೆ ಕೈ ಮುರಿಯುತ್ತೇನೆ ಎಂದೆ. ಅವಳು ಅಳಲಿಲ್ಲ. ಒಂದೇ ಮಾತು ಅಂದಳು: "ನೀವs ಹಾಕ್ರಿ. ಆದರ ಒಂದ್ ಹಿಡಿ ಮ್ಯಾಲ ಹಾಕಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲ್ ಬೀಳ್ತೇನಿ." ಏಕೆ ಎಂದು ಕೇಳಿದೆ. "ಹೇಳಾಕ ಬರೂದಿಲ್ರಿ, ಆಣಿ ಐತಿ" ಎಂದು ಒಳಗೆ ಹೋದಳು. ಕಳ್ಳರಿಗೆಲ್ಲ ಆಣೆ ಇರುತ್ತದೆ ಎಂದು ಅವಳ ಬೆನ್ನಿಗೇ ಹೇಳಿದೆ.

ಗೂಡನ್ನು ನನ್ನ ಕೋಣೆಗೆ ಸಾಗಿಸಿದೆ. ಮರುದಿನ ಬೆಳಿಗ್ಗೆ ಕೊತ್ತಂಬರಿ, ಮೂಲಂಗಿ ಸೊಪ್ಪು, ದಂಟಿನ ಸೊಪ್ಪು ಎಲ್ಲ ಕೂಡಿಸಿ ನನ್ನ ದೊಡ್ಡ ಹಿಡಿಯಲ್ಲಿ ಐದು ಹಿಡಿ ಹಾಕಿದೆ. ಮೊಲ ತಲೆಯೆತ್ತದೆ ತಿಂದಿತು. ಹತ್ತು ಗಂಟೆಯೊಳಗೆ ನನ್ನ ಹೊಟ್ಟೆ ಕೂಗತೊಡಗಿತು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಪರಪ್ಪ ಟಾಕಿಯಿಂದ ಓಡಿಬಂದವನೇ ಅಂಗಿಯನ್ನೂ ಬಿಚ್ಚದೆ ತಾಟಿಗೆ ಕುಳಿತು ಏಳು ರೊಟ್ಟಿ ಉಂಡ. ಸಾವಂತ್ರಿ ಕೂಡ ಉಂಡಳು. ಈ ಸಲ ಕಣ್ಣು ಮುಚ್ಚಿ, ನಿಧಾನ, ಒಂದೊಂದು ತುತ್ತನ್ನೂ ರುಚಿ ನೋಡಿ ಉಂಡಳು. ಉಣ್ಣುತ್ತಲೇ ಅವಳ ಕಣ್ಣಿಂದ ನೀರು ಇಳಿಯಿತು. ಸಿಕ್ಕಿಬಿದ್ದ ಅವಮಾನ ಎಂದು ಅದಕ್ಕೆ ಅರ್ಥ ಹಚ್ಚಿದೆ.

ಅವ್ವ "ನನ್ನ ತಾಟು ಕೋಣಿಗೇ ಕೊಡ" ಎಂದಳು. ಕೊಟ್ಟೆ. ಅರ್ಧ ಗಂಟೆಯ ಮೇಲೆ ಹೋದರೆ ತಾಟು ಖಾಲಿ. ನನ್ನ ಖುಷಿ ಏನು ಕೇಳುತ್ತೀರಿ. ಸಂಜೆ ನಿಂಬೆವ್ವನನ್ನು ನಾನೇ ಗೋಡೆಗೆ ಕರೆದು ಹೇಳಿದೆ, ಓಣಿಗೆಲ್ಲ ಗೊತ್ತಾಗಲಿ ಎಂದೇ ಹೇಳಿದೆ. ಎರಡನೇ ದಿನ ಆರು ಹಿಡಿ ಹಾಕಿದೆ. ಅವ್ವನ ತಾಟು ಖಾಲಿ. ಮೂರನೇ ದಿನ ಆರು. ಖಾಲಿ. ಆದರೆ ಅವ್ವನ ಮುಖ ತುಂಬಿಕೊಳ್ಳುವ ಬದಲು ಇನ್ನೂ ಒಳಗೆ ಹೋಗುತ್ತಿತ್ತು, ಕಣ್ಣು ಮಾತ್ರ ದೊಡ್ಡವಾಗುತ್ತಿದ್ದವು. ಮತ್ತೆ ಅನುಮಾನ. ಅವಳ ತಾಟಿನದು ಸಾವಂತ್ರಿಯ ಹೊಟ್ಟೆಗೆ ಹೋಗುತ್ತಿದೆಯೇ?

ನಾಲ್ಕನೇ ದಿನ ತಾಟು ಕೊಟ್ಟು, ಹೋದಂತೆ ಹೆಜ್ಜೆ ಸದ್ದು ಮಾಡಿ, ಬರಿಗಾಲಲ್ಲಿ ಹಿಂತಿರುಗಿ ಕದ ದೂಡಿದೆ. ಕಳ್ಳಿ ಸಿಕ್ಕಳು ಎಂದುಕೊಂಡೇ ದೂಡಿದೆ.

ಅವ್ವ ಒಬ್ಬಳೇ ಇದ್ದಳು. ಮಂಚದ ಅಂಚಿನಲ್ಲಿ ಕುಳಿತು ರೊಟ್ಟಿ ಅಗಿಯುತ್ತಿದ್ದಳು. ಕೆಳಗೆ ಕಾಲ ನಡುವೆ ಒಂದು ತಗಡಿನ ಡಬ್ಬಿ. ಅಗಿದು ಅಗಿದು ನುಂಗಲು ನೋಡಿದಳು; ಕತ್ತಿನ ನರ ಉಬ್ಬಿತು, ಕಣ್ಣು ಮೇಲೆ ಹೋದವು, ಆಮೇಲೆ ಕೆಮ್ಮಿ ಅದಷ್ಟನ್ನೂ ಡಬ್ಬಿಗೆ ಉಗಿದಳು. ಒಂದು ಕ್ಷಣವೂ ತಡೆಯದೆ ಇನ್ನೊಂದು ತುಂಡು ಮುರಿದು ಬಾಯಿಗೆ ತುರುಕಿಕೊಂಡಳು. ಬೆರಳಿಗೆ ಅಂಟಿದ ಪಲ್ಯವನ್ನು ನೆಕ್ಕುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಅಗಿಯುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ಹೋಗಿ ಅವಳ ಬೆನ್ನು ನೀವಿದೆ.

"ಗಂಟಲದಾಗ ಗಂಟ್ ಬಿದ್ದೈತಿ, ಗುರಸೀ" ಎಂದಳು ಅವ್ವ, ಉಸಿರು ಬಂದ ಮೇಲೆ. "ಮೂರ್ ವಾರ ಆತು. ನೀ ಮನ್ಯಾಗ ಇಲ್ಲದಾಗ ಔಷಧಿ ಪಂಡಿತರು ಬಂದು ಬೆರಳ ಹಾಕಿ ನೋಡ್ಯಾರ. ಕತ್ತರಿಸಾಕ ಬರೂದಿಲ್ಲಂತ, ಈ ವಯಸ್ಸಿನಾಗ. ನೀರ್ ಇಳಿತೈತಿ, ಗಂಜಿ ತಿಳಿ ಇಳಿತೈತಿ. ಮತ್ತೇನೂ ಇಳಿಯೂದಿಲ್ಲ. ಹೊಟ್ಟಿ ಮಾತ್ರ ಬೇಕ ಬೇಕ ಅಂತೈತಿ. ಅದಕ್ಕs ಸಾವಂತ್ರಿ ಕೈ ಹಿಡಕೊಂಡು ಹೇಳಿದ್ನಿ, ತಂಗೀ, ಮೊಲಕ್ಕ ಕಡಿಮಿ ಮಾಡ, ನನಗೀ ಹಸಿವ್ ತಡಿಯಾಕ ಆಗವಲ್ದು ಅಂತ."

ಸಾವಂತ್ರಿ ನನ್ನ ಹಿಂದೆ ಬಂದು ನಿಂತಿದ್ದಳು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಆ ಮೂರು ರೊಟ್ಟಿ ಈಗ ನನ್ನ ಕಣ್ಣ ಮುಂದೆ ಬಂತು. ಹಸಿವಿಲ್ಲದ ಹೊಟ್ಟೆಗೆ, ಗೋಡೆಗೆ ಮುಖ ಮಾಡಿ, ಒಳಗಿನ ಕೂಸಿಗಾಗಿ ತುರುಕಿಕೊಳ್ಳುತ್ತಿದ್ದ ರೊಟ್ಟಿ. ಅಷ್ಟೂ ದಿನ ಹಾಗೆ ಉಂಡಿದ್ದಾಳೆ. ನಾಲ್ಕು ದಿನ ನಿಜವಾದ ಹಸಿವು ಸಿಕ್ಕಾಗ ಆ ರುಚಿಗೆ ಅತ್ತಿದ್ದಾಳೆ. ಆ ರುಚಿ ಯಾರ ಹೊಟ್ಟೆ ಉರಿಸಿ ಬಂತು ಎಂದು ಗೊತ್ತಿದ್ದದ್ದಕ್ಕೂ ಅತ್ತಿದ್ದಾಳೆ.

"ನನಗ ಯಾಕ ಹೇಳಲಿಲ್ಲ?" ಎಂದೆ. ನಾಚಿಕೆಗಿಂತ ಮೊದಲು ಅದೇ ನೋವು ಬಾಯಿಗೆ ಬಂತು. "ನಾ ನಿನ್ನ ಹೊಟ್ಟೀಲೆ ಹುಟ್ಟಿದಾಕಿ. ಆಕಿಗೆ ಹೇಳಿದಿ, ನನಗ ಹೇಳಲಿಲ್ಲ."

ಅವ್ವ ನನ್ನ ಕೈಯನ್ನು ಹಿಡಿದಳು. "ನಿನಗ ಹೇಳಿದ್ರ ನೀ ಬಿಡ್ತಿದ್ದಿ ಏನ? ರುಬ್ಬಿ ಹಾಕ್ತಿದ್ದಿ, ಸೋಸಿ ಹಾಕ್ತಿದ್ದಿ, ಬಾಯಿ ತೆಗದು ಸುರೀತಿದ್ದಿ. ಒಂದ್ ತುತ್ತವಾ, ಇನ್ನೊಂದ್ ತುತ್ತವಾ ಅಂತ ಜೀವಾ ತಿಂತಿದ್ದಿ. ಎದುರಿಗಿದ್ದವರು ಉಣ್ಣದಿದ್ರ ನಿನ್ನ ಕೈಲಿ ನೋಡಾಕ ಆಗೂದಿಲ್ಲ, ಅದು ನನಗ ಗೊತ್ತಿಲ್ಲೇನ?"

ಅವಳು ಹೇಳಿದ ಪ್ರತಿಯೊಂದನ್ನೂ ನಾನು ಮಾಡುತ್ತಿದ್ದೆ.

ಸಾವಂತ್ರಿಯ ಕಾಲು ಹಿಡಿಯಲು ಹೋದೆ. ಬಸುರಿ ಹೆಂಗಸು, ಹಿಂದೆ ಸರಿದು ಬೀಳುವಂತಾದಳು. "ಹಂಗ ಮಾಡಬ್ಯಾಡ್ರಿ, ನೀವು ದೊಡ್ಡವರು" ಎಂದಳು. ಟ್ರಂಕು ತೆಗೆದಿದ್ದೆ ಎಂದು ಒಪ್ಪಿಕೊಂಡೆ. "ಗೊತ್ತೈತ್ರಿ. ಕುಂಚಿಗಿ ತಲಿಕೆಳಗ ಮಡಚಿಟ್ಟಿದ್ರಿ" ಎಂದಳು. ಸಿಟ್ಟು ಮಾಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆದರೆ ಮನೆಯಲ್ಲಿ ಈಗ ಒಂದು ಮೊಲ, ಎರಡು ಜೀವ. ಕೂಸಿಗೆ ಹಸಿವು ಬೇಕು, ಅವ್ವನಿಗೆ ಹಸಿವು ಬೇಡ. ಅವ್ವ "ಕೂಸಿನ ಸಲುವಾಗಿ ಹಾಕ್ರಿ, ನಾನೇನ್ ಇವತ್ತೋ ನಾಳೆಯೋ" ಎಂದಳು. ಸಾವಂತ್ರಿ "ನಾ ಹಸಿವಿಲ್ಲದs ಉಣ್ಣತೇನಿ, ರೂಢಿ ಆಗೈತಿ" ಎಂದಳು. ಇಬ್ಬರ ಮಾತನ್ನೂ ನಾನು ಕೇಳಲಿಲ್ಲ. ಅವತ್ತು ಸಂಜೆಯೇ ಸಾವಂತ್ರಿಯನ್ನು ಹಗ್ಗದ ಓಣಿಯ ಅವಳ ತವರಿಗೆ ಕಳಿಸಿದೆ, ಜೊತೆಗೆ ಪರಪ್ಪನನ್ನೂ. ಬಾಣಂತನಕ್ಕೆ ಎಂದು ಓಣಿಗೆ ಹೇಳಿದೆವು. ಮೂರು ರಾತ್ರಿ ಅಲ್ಲಿ ಮಲಗಿದರೆ ಅಲ್ಲಿಯ ಹಸಿವು ಹತ್ತುತ್ತದೆ. ಹೊರಡುವ ಮುಂಚೆ, ಎಲ್ಲ ತಿಳಿದ ಪರಪ್ಪ ಅವ್ವನ ಮಂಚದ ಹತ್ತಿರ ನಿಂತು, "ನಾಳೆ ನಳಕ್ಕ ನೀರ್ ಜಾಸ್ತಿ ಹೊತ್ತು ಬಿಡ್ತೇನಿ" ಎಂದು ಹೋದ.

ಮರುದಿನದಿಂದ ಮೊಲಕ್ಕೆ ಬರೀ ಒಣಹುಲ್ಲು. ಗೂಡನ್ನು ಮತ್ತೆ ಪಡಸಾಲೆಗೆ ತಂದಿಟ್ಟಿದ್ದೆ. ಬೆಳಿಗ್ಗೆ ಅದು ತಡಿಕೆಗೆ ಮೂತಿ ಹಚ್ಚಿ ನನ್ನ ಕೈ ಕಾಯುತ್ತಿತ್ತು. ಮುಖ ತಿರುಗಿಸಿಕೊಂಡು ಹುಲ್ಲು ಹಾಕಿ ನೀರಿಡುತ್ತಿದ್ದೆ. ಸೊಪ್ಪಿನವಳು ಬಂದರೆ ಮಾತ್ರ ಮೊದಲಿನಂತೆಯೇ ಒಂದು ಬುಟ್ಟಿ ಕೊಳ್ಳುತ್ತಿದ್ದೆ. ಸೊಪ್ಪು ಕೊಳ್ಳದ ಮನೆಯ ಮೇಲೆ ಊರಿಡೀ ಕಣ್ಣಿಡುತ್ತದೆ. ಸಂಜೆ ಅದನ್ನು ನಿಂಬೆವ್ವನ ಆಡಿಗೆ ಹಾಕುತ್ತಿದ್ದೆ. ಅವಳು ಈಗ ನನ್ನ ಕಡೆಗೂ ಹುಬ್ಬೇರಿಸಿ ನೋಡುತ್ತಿದ್ದಳು. ನಾನು ಸಾವಂತ್ರಿಯಂತೆ ಕಣ್ಣು ಕೆಳಗೆ ಮಾಡುತ್ತಿದ್ದೆ.

ಅವ್ವ ಹಗುರಾದಳು. ಮುಖದ ಬಿಗಿ ಹೋಯಿತು. ಗಂಟೆಗೊಮ್ಮೆ ಎರಡು ಚಮಚ ಗಂಜಿ ತಿಳಿ, ಅಷ್ಟೇ. ಬಿಸಿಲು ಬಂದ ಕಡೆ ಚಾಪೆ ಎಳೆದುಕೊಂಡು ನನ್ನ ತಲೆ ಬಾಚುತ್ತಿದ್ದಳು, ಅಪ್ಪನ ಸುದ್ದಿ ಹೇಳುತ್ತಿದ್ದಳು, ಸಣ್ಣಗೆ ನಗುತ್ತಿದ್ದಳು. ಅವಳ ಗಂಜಿಗೆ ಬಿಟ್ಟರೆ ನಾನು ಒಲೆ ಹಚ್ಚಲೇ ಇಲ್ಲ. ಯಾರಿಗೆಂದು ಹಚ್ಚಲಿ? ಸಾವಂತ್ರಿಯ ಹಾಗೆ ಹಸಿವಿಲ್ಲದೆ ಉಣ್ಣುವ ಗಟ್ಟಿತನ ನನ್ನಲ್ಲಿರಲಿಲ್ಲ. ಗಡಿಗೆಯಲ್ಲಿ ಉಳಿದ ಗಂಜಿ ಕುಡಿದರೆ ಕುಡಿದೆ, ಇಲ್ಲದಿದ್ದರೆ ಇಲ್ಲ. ಒಂಬತ್ತು ದಿನ ಹೋಯಿತು. ಬಳೆ ಮೊಣಕೈವರೆಗೆ ಸರಿಯುತ್ತಿತ್ತು, ಎದ್ದು ನಿಂತರೆ ಕಣ್ಣು ಕತ್ತಲೆ. ಅವ್ವ ಬಾಚುವಾಗ ನನ್ನ ಕತ್ತಿನ ಎಲುಬಿನ ಮೇಲೆ ಬೆರಳಾಡಿಸುತ್ತಿದ್ದಳು.

ಹತ್ತನೇ ದಿನ ಬೆಳಿಗ್ಗೆ ಬಾವಿಯಿಂದ ನೀರು ತಂದು ಕೊಡ ಇಳಿಸುತ್ತಿದ್ದೆ. ಒಮ್ಮೆಲೇ ಹೊಟ್ಟೆಗೆ ಬೆಂಕಿ ಬಿದ್ದಂಥ ಹಸಿವು. ನಾನು ಒಂದೆಲೆ ಸೊಪ್ಪು ಹಾಕಿರಲಿಲ್ಲ. ಯಾರು ಹಾಕಿದರು? ನಿಂಬೆವ್ವ. ಗೋಡೆ ಹಾರಿ ಬಂದಿದ್ದಾಳೆ, ಗೂಡಿನ ಬಳಿಯೇ ಇರಬೇಕು, ಇವತ್ತು ಅವಳ ಜುಟ್ಟು ಹಿಡಿಯದೆ ಬಿಡುವುದಿಲ್ಲ ಎಂದು ಹಿತ್ತಲ ಬಾಗಿಲಿಂದ ಪಡಸಾಲೆಗೆ ಓಡಿದೆ.

ಗೂಡಿನ ಮುಂದೆ ಅವ್ವ ಕುಳಿತಿದ್ದಳು. ಕೋಣೆಯಿಂದ ಅಲ್ಲಿಯವರೆಗೆ ತೆವಳಿಕೊಂಡೇ ಬಂದಿರಬೇಕು, ಸೀರೆಯ ಮುಂಭಾಗವೆಲ್ಲ ಧೂಳು. ಪಕ್ಕದಲ್ಲಿ ಬೆಳಿಗ್ಗೆ ನಾನು ಕೊಂಡಿಟ್ಟ ಸೊಪ್ಪಿನ ಬುಟ್ಟಿ, ಖಾಲಿ. ಮೊಲದ ಬಾಯಲ್ಲಿ ಕೊನೆಯ ಮೂಲಂಗಿ ಎಲೆ ಅಲುಗುತ್ತಿತ್ತು.

"ಅವ್ವಾ, ಇದೇನ್ ಮಾಡಿದಿ? ನಿನಗ ಗೊತ್ತಿಲ್ಲೇನ?"

"ಗೊತ್ತೈತಿ" ಎಂದಳು. ಅವಳಿಗೂ ಹಸಿವು ಹತ್ತಿತ್ತು. ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು, ಹಣೆಯ ಮೇಲೆ ಬೆವರು. "ಒಂಬತ್ತ್ ದಿನ ಆತು, ನೀ ಒಂದ್ ತುತ್ತ ಉಂಡಿಲ್ಲ. ನನ್ನ ಮುಂದs ನೀ ಒಣಗಾಕತ್ತಿ, ನಾ ಸುಮ್ನ ನೋಡಿಕೋತ ಕುಂಡ್ರಬೇಕೇನ?"

"ನಿನಗ ತಡಿಯಾಕ ಆಗೂದಿಲ್ಲವಾ."

"ಒಂದ್ ದಿನ ತಡೀತೇನಿ. ನಿನ್ನ ಸಲುವಾಗಿ ಒಂದ್ ದಿನ ಹಸದ್ರ ನನಗೇನೂ ಆಗೂದಿಲ್ಲ. ಹೋಗು, ಒಲಿ ಹಚ್ಚು. ಇಲ್ಲೇ ತಂದು ನನ್ನ ಮುಂದ ಉಣ್ಣು."

ನಾನು ಒಲ್ಲೆ ಎಂದು ಅತ್ತೆ, ಕಾಲು ಹಿಡಿದೆ. ಅವಳು ಜಗ್ಗಲಿಲ್ಲ. ನನ್ನ ಹಟ ಎಲ್ಲಿಂದ ಬಂದದ್ದು ಎಂದು ಅವತ್ತು ತಿಳಿಯಿತು. ಕೊನೆಗೆ ಒಲೆ ಹಚ್ಚಿದೆ, ಹಿಟ್ಟು ನಾದಿ ರೊಟ್ಟಿ ಬಡಿದೆ. ಅವುಗಳ ವಾಸನೆ ಅವಳವರೆಗೆ ಹೋಗದಿರಲಿ ಎಂದು ಕದ ಹಾಕಿದರೆ "ಕದಾ ತೆಗಿ" ಎಂದು ಅಲ್ಲಿಂದಲೇ ಕೂಗಿದಳು.

ತಾಟು, ರೊಟ್ಟಿಯ ಪುಟ್ಟಿ, ಬೆಣ್ಣೆಯ ಬಟ್ಟಲು ತಂದು ಅವಳ ಎದುರಿಗೆ ಕುಳಿತೆ. ಮೊದಲ ತುತ್ತು ಬಾಯಿಗಿಟ್ಟೆ, ಇಳಿಯಿತು. ನನ್ನ ಗಂಟಲು ಅಷ್ಟು ಸಲೀಸಾಗಿ ಇಳಿಸಿಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಎಷ್ಟು ರುಚಿಯಾಗಿತ್ತು ಎಂದರೆ, ಅದಕ್ಕೂ ನಾಚಿಕೆಯಾಯಿತು. ಅವ್ವ ಕಣ್ಣು ಕೀಳದೆ ನೋಡುತ್ತಿದ್ದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲೂ ಒಮ್ಮೆ ಏರಿ ಇಳಿಯುತ್ತಿತ್ತು. ಒಂದು ಮುಗಿಸಿ ಕೈ ತೊಳೆಯಲು ಎದ್ದೆ.

"ಇನ್ನೊಂದ್ ಹಾಕ್ಕೋ" ಎಂದಳು.

ಹಾಕಿಕೊಂಡೆ. ಅದು ಮುಗಿಯುವಷ್ಟರಲ್ಲಿ ಅವ್ವ ಪುಟ್ಟಿಯಿಂದ ಮೂರನೆಯದನ್ನು ತಾನೇ ಎತ್ತಿಕೊಂಡು, ನಡುಗುವ ಬೆರಳಿನಿಂದ ಅದರ ಮೇಲೆಲ್ಲ ಬೆಣ್ಣೆ ಸವರಿ, ಬೆಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ತಾಟಿಗೆ ಇಟ್ಟಳು. ಬೇಡವೆನ್ನದೆ ಅದನ್ನೂ ಉಂಡೆ.